ಎಂಟು ವಾರಕ್ಕೊಮ್ಮೆ

ಎರಡು ವರ್ಷಕ್ಕೊಮ್ಮೆ ನಾವು ಸೇರುವ ಈ ಸಮ್ಮೇಳನದ ಸ್ಮರಣ ಸಂಚಿಕೆಯಲ್ಲಿ ಸಂಪಾದಕ ಮಂಡಳಿಯವರು ಈ ಅಂಕಣಕ್ಕೆ ಹಲವು ಬಾರಿ ಆದರದಿಂದ ಸ್ಥಳ ನೀಡಿದ್ದಾರೆ. ಊರಿನ ಪಿತ್ರಾರ್ಜಿತ ಆಸ್ತಿ, ಇಲ್ಲಿ ಬರೆಯಬೇಕಾದ ಉಯಿಲು, ವೃದ್ಧ ತಂದೆತಾಯಿಗಳ ವೀಸಾ, ಮಕ್ಕಳ ನಾಲಗೆಯ ಮೇಲೆ ಕನ್ನಡ ಉಳಿಯುವ ಬಗೆ, ಇಂಥ ವಿಷಯಗಳನ್ನು ಕುರಿತು ನನಗೆ ತಿಳಿದಷ್ಟನ್ನು ಬರೆದಿದ್ದೇನೆ. ಆದರೆ ಎಲ್ಲಕ್ಕಿಂತ ಚೆನ್ನಾಗಿ ತಿಳಿದಿದ್ದ ಒಂದು ವಿಷಯವನ್ನು ಮಾತ್ರ ಇದುವರೆಗೆ ಬರೆಯಲಿಲ್ಲ. ಬರೆಯದಿದ್ದುದರಿಂದ ಯಾರಿಗೂ ನಷ್ಟವಿಲ್ಲವೆಂದು ಭಾವಿಸಿದ್ದೆ. ಆ ಭಾವನೆ ತಪ್ಪೆಂದು ಮನವರಿಕೆಯಾದ ಮೇಲೆ ಈ ಬಾರಿಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

2018ರ ಸಮ್ಮೇಳನದ ಎರಡನೆಯ ದಿನ, ಮಧ್ಯಾಹ್ನದ ಊಟದ ಸಾಲಿನಲ್ಲಿ ತಟ್ಟೆ ಹಿಡಿದು ನಿಂತಿದ್ದೆ. ಪರಿಚಿತ ದಂಪತಿಗಳು ನನ್ನನ್ನು ಪಕ್ಕಕ್ಕೆ ಕರೆದರು. ಅವರ ಮಗಳಿಗೆ ಆಗ ಹತ್ತೊಂಬತ್ತು ವರ್ಷ. ಕಾಲೇಜಿನ ಮೊದಲ ವರ್ಷದಲ್ಲಿಯೇ ಹೊಟ್ಟೆನೋವು, ಅತಿಸಾರ, ತೂಕ ಇಳಿಯುವುದು ಆರಂಭವಾಗಿ, ಪರೀಕ್ಷೆಯಲ್ಲಿ ಕ್ರೋನ್ಸ್ ಕಾಯಿಲೆ ಎಂದು ತಿಳಿದಿತ್ತು. ರಕ್ತನಾಳದ ಮೂಲಕ ಔಷಧಿ ಏರಿಸಬೇಕೆಂದು ವೈದ್ಯರು ಹೇಳಿದ್ದರು. "ಅದನ್ನು ಒಮ್ಮೆ ಶುರು ಮಾಡಿದರೆ ಬಿಡುವ ಹಾಗಿಲ್ಲವಂತೆ, ಕ್ಯಾನ್ಸರ್ ಬರುತ್ತದಂತೆ, ಮುಂದೆ ಮದುವೆಯ ಮಾತು ಬಂದಾಗ ಏನು ಹೇಳುವುದು? ನಿಮಗೆ ಅಂಥವರು ಯಾರಾದರೂ ಗೊತ್ತೇ?" ಎಂದು ತಾಯಿ ಪಿಸುದನಿಯಲ್ಲಿ ಕೇಳಿದರು.

ನನಗೆ ಗೊತ್ತಿತ್ತು. ಆ ಕಾಯಿಲೆ ನನಗೇ ಇತ್ತು. ಆ ಔಷಧಿಯನ್ನು ನಾನೇ ತೆಗೆದುಕೊಳ್ಳುತ್ತಿದ್ದೆ. ಸಮ್ಮೇಳನಕ್ಕೆ ಹೊರಡುವ ಹತ್ತು ದಿನ ಮುಂಚೆಯೇ ಆಸ್ಪತ್ರೆಯ ಕುರ್ಚಿಯಲ್ಲಿ ಕುಳಿತು ಬಂದಿದ್ದೆ. ಆದರೂ "ವೈದ್ಯರು ಹೇಳಿದಂತೆ ಕೇಳಿ, ಎಲ್ಲ ಸರಿಹೋಗುತ್ತದೆ" ಎಂಬ ಒಣಮಾತನ್ನಾಡಿ ಮತ್ತೆ ಸಾಲಿಗೆ ಮರಳಿದೆ. ಪಕ್ಕದಲ್ಲಿ ನಮ್ಮ ಕನ್ನಡ ಕೂಟದ ನಾಲ್ವರು ನಿಂತಿದ್ದರೆಂಬುದೇ ನನ್ನ ಮೌನಕ್ಕಿದ್ದ ಕಾರಣ. ಆ ತಂದೆತಾಯಿಗಳು ಚಿಕಿತ್ಸೆಯನ್ನು ಮುಂದೂಡಿ, ಊರಿನಿಂದ ಚೂರ್ಣ ತರಿಸಿ ಏಳೆಂಟು ತಿಂಗಳು ಕಳೆದರು. 2019ರ ವಸಂತದಲ್ಲಿ ಹುಡುಗಿಯ ಕರುಳು ತೂತಾಗಿ ತುರ್ತು ಶಸ್ತ್ರಚಿಕಿತ್ಸೆಯಾಯಿತು. ಆರು ತಿಂಗಳು ಹೊಟ್ಟೆಯ ಮೇಲೆ ಚೀಲ ಕಟ್ಟಿಕೊಂಡು ಆಕೆ ತರಗತಿಗೆ ಹೋದಳು. ನಾನು ಮಾತನಾಡಿದ್ದರೆ ಇದು ತಪ್ಪುತ್ತಿತ್ತೆಂದು ಖಚಿತವಾಗಿ ಹೇಳಲಾರೆ. ಆದರೆ ಮಾತನಾಡಬೇಕಾದ ಸ್ಥಳದಲ್ಲಿ ಸುಮ್ಮನಿದ್ದೆನೆಂಬುದು ಖಚಿತ. ಈಗ ಆಕೆಯ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ನಾನು ವೈದ್ಯನಲ್ಲ. ಇಂಜಿನಿಯರಾಗಿ ದುಡಿದು ನಿವೃತ್ತನಾದ, ಮೂರು ದಶಕ ರೋಗಿಯಾಗಿರುವ ವ್ಯಕ್ತಿ. ಮುಂದಿನ ಮಾತುಗಳನ್ನು ಓದುಗರು ಆ ಮಿತಿಯಲ್ಲಿಯೇ ಸ್ವೀಕರಿಸಬೇಕೆಂದು ಪ್ರಾರ್ಥನೆ.

"ಊಟ ಬಲ್ಲವನಿಗೆ ರೋಗವಿಲ್ಲ" ಎಂಬ ಗಾದೆಯನ್ನು ನನ್ನಷ್ಟು ಬಾರಿ ಕೇಳಿಸಿಕೊಂಡವರು ವಿರಳ. 1992ರಲ್ಲಿ ನನಗೆ ಕಾಯಿಲೆ ಆರಂಭವಾದಾಗ ಬಂಧುಮಿತ್ರರೆಲ್ಲರೂ ಅದನ್ನೇ ಹೇಳಿದರು. ಕೆಲವರು ಇಲ್ಲಿಯ ಪಿಟ್ಸಾವನ್ನು ದೂರಿದರು, ಕೆಲವರು ನನ್ನ ಹೆಂಡತಿ ಹಾಕುವ ಖಾರವನ್ನು. ಗಾದೆ ಸುಳ್ಳೆಂದು ನಾನು ಹೇಳುವುದಿಲ್ಲ. ಈ ರೋಗಕ್ಕೆ ಅದು ಸಾಲದು. ಕ್ರೋನ್ಸ್ ಹಾಗೂ ಅಲ್ಸರೇಟಿವ್ ಕೊಲೈಟಿಸ್ ಎಂಬ ಎರಡು ಕಾಯಿಲೆಗಳನ್ನು ಒಟ್ಟಾಗಿ ಕರುಳಿನ ಉರಿಯೂತದ ರೋಗವೆನ್ನುತ್ತಾರೆ. ಹೊರಗಿನ ಶತ್ರುಗಳನ್ನು ಹೊಡೆಯಬೇಕಾದ ದೇಹದ ರಕ್ಷಣಾವ್ಯವಸ್ಥೆ ಕರುಳಿನ ಮೇಲೆಯೇ ತಿರುಗಿಬಿದ್ದು ಅಲ್ಲಿ ಹುಣ್ಣುಗಳನ್ನುಂಟುಮಾಡುತ್ತದೆ. ಕೊಲೈಟಿಸ್ ದೊಡ್ಡ ಕರುಳಿನ ಒಳಪದರಕ್ಕೆ ಸೀಮಿತ. ಕ್ರೋನ್ಸ್ ಬಾಯಿಯಿಂದ ಗುದದವರೆಗೆ ಎಲ್ಲಿಯಾದರೂ ಬರಬಹುದು, ಕರುಳಿನ ಗೋಡೆಯನ್ನು ಪೂರ್ತಿ ಕೊರೆಯಬಹುದು. ಮನಸ್ಸಿನ ಒತ್ತಡಕ್ಕೆ ಹೊಟ್ಟೆ ಕೆಡುವ, ಕರುಳಿನಲ್ಲಿ ಹುಣ್ಣಿಲ್ಲದ ಸಾಮಾನ್ಯ ತೊಂದರೆ ಬೇರೆ, ಇದು ಬೇರೆ.

ನ್ಯೂಯಾರ್ಕಿನ ಮೌಂಟ್ ಸೈನಾಯ್ ಆಸ್ಪತ್ರೆಯ ಬರಿಲ್ ಕ್ರೋನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳಾದ ಗಿನ್ಸ್‌ಬರ್ಗ್ ಹಾಗೂ ಓಪನ್‌ಹೈಮರ್ 1932ರಲ್ಲಿ ಈ ರೋಗವನ್ನು ವಿವರಿಸಿದರು. ಅದಕ್ಕೂ ಮೊದಲು 1913ರಲ್ಲಿ ಸ್ಕಾಟ್ಲೆಂಡಿನ ಶಸ್ತ್ರವೈದ್ಯ ಡಾಲ್‌ಜೀಲ್ ಇಂಥ ರೋಗಿಗಳನ್ನು ಕುರಿತು ಬರೆದಿದ್ದರು. ಇದು ಬಿಳಿಯರ ಕಾಯಿಲೆ, ನಮಗೆ ಬಾರದು ಎಂಬ ನಂಬಿಕೆ ನಮ್ಮಲ್ಲಿ ಬಹುಕಾಲವಿತ್ತು. ಇಂಗ್ಲೆಂಡಿನ ಲೆಸ್ಟರ್‌ಷೈರಿನಲ್ಲಿ ನೆಲೆಸಿದ ಭಾರತೀಯರಲ್ಲಿ ಕೊಲೈಟಿಸ್ ಸ್ಥಳೀಯರಿಗಿಂತ ಹೆಚ್ಚೆಂದು 1992ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಪಂಜಾಬಿನಲ್ಲಿ ನಡೆದು 2003ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ ಒಂದು ಲಕ್ಷ ಜನರಲ್ಲಿ ಸುಮಾರು 44 ಮಂದಿಗೆ ಕೊಲೈಟಿಸ್ ಇರುವುದು ಕಂಡುಬಂತು. ವಲಸೆ ಬಂದವರಿಗಿಂತ ಇಲ್ಲಿ ಹುಟ್ಟಿ ಬೆಳೆದ ಅವರ ಮಕ್ಕಳಲ್ಲಿ ಈ ರೋಗ ಹೆಚ್ಚು ಕಾಣಿಸುತ್ತದೆಂಬುದೂ ಈಗ ತಿಳಿದಿದೆ. ಆದ್ದರಿಂದ ಇದು ನಮ್ಮ ಮನೆಯ ವಿಷಯವೇ.

1994ರಲ್ಲಿ ನನ್ನ ಸಣ್ಣ ಕರುಳಿನ ಒಂದೂವರೆ ಅಡಿ ಕತ್ತರಿಸಿದರು. ಬಳಿಕ ವರ್ಷಗಟ್ಟಲೆ ಸ್ಟೀರಾಯ್ಡ್ ಮಾತ್ರೆ. ಅದರಿಂದ ನನ್ನ ಮುಖ ಊದಿಕೊಂಡು ದುಂಡಗಾದಾಗ "ಅಮೆರಿಕದ ತುಪ್ಪ ಮೈಗೆ ಹಿಡಿದಿದೆ" ಎಂದು ಯುಗಾದಿ ಕಾರ್ಯಕ್ರಮದಲ್ಲಿ ಮಿತ್ರರು ನಕ್ಕರು, ನಾನೂ ನಕ್ಕೆ. ಎಲುಬು ಸವೆಯುತ್ತಿರುವುದನ್ನಾಗಲಿ, ರಾತ್ರಿ ನಿದ್ರೆ ಬಾರದಿರುವುದನ್ನಾಗಲಿ ಯಾರಿಗೂ ಹೇಳಲಿಲ್ಲ. ಎಲ್ಲಿ ಹೋದರೂ ಮೊದಲು ಶೌಚಾಲಯ ಎಲ್ಲಿದೆಯೆಂದು ನೋಡಿಕೊಳ್ಳುತ್ತಿದ್ದೆ. ನಾಟಕವಿರಲಿ, ಸಂಗೀತವಿರಲಿ, ಸಾಲಿನ ಕೊನೆಯ ಕುರ್ಚಿಯೇ ನನ್ನದು. ಅದನ್ನು ಕಂಡವರು ನನ್ನನ್ನು ವಿನಯಶೀಲನೆಂದು ತಿಳಿದರು.

1998ರ ಆಗಸ್ಟಿನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಕ್ರೋನ್ಸ್ ಕಾಯಿಲೆಗೆ ಇನ್‌ಫ್ಲಿಕ್ಸಿಮ್ಯಾಬ್ ಎಂಬ ಔಷಧಿಗೆ ಸಮ್ಮತಿ ನೀಡಿತು. ಅದರ ಕಥೆ ವಲಸಿಗರಾದ ನಾವು ತಿಳಿದಿರತಕ್ಕದ್ದು. ಒಂದೇ ಗುರಿಗೆ ಅಂಟಿಕೊಳ್ಳುವ ಪ್ರತಿಕಾಯಗಳನ್ನು ಬೇಕಾದಷ್ಟು ತಯಾರಿಸುವ ವಿಧಾನವನ್ನು 1975ರಲ್ಲಿ ಕೇಂಬ್ರಿಡ್ಜಿನಲ್ಲಿ ಕಂಡುಹಿಡಿದವರು ಅರ್ಜೆಂಟೀನಾ ಬಿಟ್ಟು ಬಂದಿದ್ದ ಸೀಸರ್ ಮಿಲ್‌ಸ್ಟೈನ್ ಮತ್ತು ಜರ್ಮನಿಯ ಜಾರ್ಜ್ ಕೋಲರ್. 1984ರಲ್ಲಿ ಅವರು ನೊಬೆಲ್ ಪಾರಿತೋಷಕದಲ್ಲಿ ಪಾಲುದಾರರಾದರು. ಉರಿಯೂತವನ್ನು ಕೆರಳಿಸುವ ಟಿ.ಎನ್.ಎಫ್. ಎಂಬ ಪ್ರೋಟೀನನ್ನು ಹಿಡಿದು ನಿಲ್ಲಿಸುವ ಪ್ರತಿಕಾಯವನ್ನು ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ರೂಪಿಸಿದವರು ಯಾನ್ ವಿಲ್ಚೆಕ್ ಮತ್ತು ಜುನ್‌ಮಿಂಗ್ ಲೆ. ವಿಲ್ಚೆಕ್ ದಂಪತಿಗಳು 1964ರಲ್ಲಿ ಕಮ್ಯುನಿಸ್ಟ್ ಚೆಕೊಸ್ಲೊವಾಕಿಯಾದಿಂದ ವಿಯೆನ್ನಾಕ್ಕೆ ಪ್ರವಾಸ ಹೊರಟವರು, ಹಿಂದಿರುಗದೆ ಮರುವರ್ಷ ನ್ಯೂಯಾರ್ಕಿಗೆ ಬಂದರು. ಆ ಔಷಧಿಯಿಂದ ಬಂದ ಗೌರವಧನದಲ್ಲಿ 2005ರಲ್ಲಿ ತಮ್ಮ ವಿಶ್ವವಿದ್ಯಾಲಯಕ್ಕೆ 10 ಕೋಟಿ 50 ಲಕ್ಷ ಡಾಲರ್ ದಾನವಿತ್ತರು. ಅಮೆರಿಕಕ್ಕೆ ವಲಸೆ ಬಂದ ವಿಜ್ಞಾನಿಗಳನ್ನೂ ಕಲಾವಿದರನ್ನೂ ಗೌರವಿಸುವ ಪ್ರತಿಷ್ಠಾನವನ್ನೂ ಸ್ಥಾಪಿಸಿದರು.

ಆ ಪ್ರತಿಕಾಯದ ನಾಲ್ಕನೆಯ ಒಂದು ಭಾಗ ಇಲಿಯದು, ಉಳಿದುದು ಮನುಷ್ಯನದು. ನನ್ನ ತಾಯಿಗೆ ದೂರವಾಣಿಯಲ್ಲಿ ಇದನ್ನು ತಿಳಿಸಿದಾಗ ಸ್ವಲ್ಪ ಹೊತ್ತು ಮೌನವಾಗಿದ್ದು, "ಗಣಪತಿಯ ವಾಹನವಲ್ಲವೇ, ಒಳ್ಳೆಯದೇ ಮಾಡುತ್ತದೆ" ಎಂದರು. ಇಲಿಯನ್ನು ಕೊಂದು ತೆಗೆದ ರಸವಲ್ಲ, ಜೀವಕೋಶಗಳನ್ನು ತೊಟ್ಟಿಗಳಲ್ಲಿ ಬೆಳೆಸಿ ಪಡೆದ ಪ್ರೋಟೀನೆಂದು ವಿವರಿಸುವ ಅಗತ್ಯವೇ ಬೀಳಲಿಲ್ಲ. ಪ್ರೋಟೀನಾದ್ದರಿಂದಲೇ ಇದನ್ನು ನುಂಗುವಂತಿಲ್ಲ. ನುಂಗಿದರೆ ಬೇಳೆಯಂತೆ ಜೀರ್ಣವಾಗಿಹೋಗುತ್ತದೆ. ಆದ್ದರಿಂದ ರಕ್ತನಾಳದ ದಾರಿ. ದೇಹತೂಕದ ಪ್ರತಿ ಕಿಲೋಗ್ರಾಮಿಗೆ 5 ಮಿಲಿಗ್ರಾಮಿನಂತೆ, ನನ್ನ 70 ಕಿಲೋಗ್ರಾಮಿಗೆ 350 ಮಿಲಿಗ್ರಾಂ. 100 ಮಿಲಿಗ್ರಾಮಿನ ಸೀಸೆಗಳಲ್ಲಿರುವ ಪುಡಿಗೆ ಶುದ್ಧ ನೀರು ಬೆರೆಸಿ, ಅಲುಗಾಡಿಸದೆ ಮೆಲ್ಲನೆ ತಿರುಗಿಸಿ ಕರಗಿಸಿ, ಲವಣದ್ರಾವಣಕ್ಕೆ ಸೇರಿಸಿ, ಎರಡು ಗಂಟೆಗೂ ಕಡಿಮೆಯಿಲ್ಲದಂತೆ ಹನಿಹನಿಯಾಗಿ ಇಳಿಸುತ್ತಾರೆ. ಮೊದಲ ಬಾರಿ, ಎರಡನೆಯ ವಾರ, ಆರನೆಯ ವಾರ, ಆಮೇಲೆ ಎಂಟು ವಾರಕ್ಕೊಮ್ಮೆ.

1999ರ ಮಾರ್ಚಿನಲ್ಲಿ ನನಗೆ ಮೊದಲ ಬಾರಿ ಕೊಟ್ಟಾಗ ಈ ಕ್ರಮ ಇನ್ನೂ ರೂಢಿಗೆ ಬಂದಿರಲಿಲ್ಲ. ಒಮ್ಮೆ ಕೊಟ್ಟು ನೋಡುತ್ತಿದ್ದರು. ಎರಡನೆಯ ವಾರದಲ್ಲಿ ನಾನು ಏಳು ವರ್ಷಗಳ ಬಳಿಕ ರಾತ್ರಿಯಿಡೀ ಏಳದೆ ನಿದ್ರಿಸಿದೆ. ಬೆಳಗ್ಗೆ ಹೆಂಡತಿ ಗಾಬರಿಯಿಂದ ಬಂದು ಮುಟ್ಟಿ ನೋಡಿದಳು. 108 ರೋಗಿಗಳ ಮೇಲೆ ನಡೆದು 1997ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ನನಗೆ ಕೊಟ್ಟಷ್ಟೇ ಪ್ರಮಾಣ ಪಡೆದವರಲ್ಲಿ ನಾಲ್ಕು ವಾರಗಳ ಕೊನೆಗೆ ನೂರಕ್ಕೆ 81 ಮಂದಿಗೆ ಗುಣ ಕಂಡಿತ್ತು; ಬರಿಯ ದ್ರಾವಣ ಪಡೆದವರಲ್ಲಿ ನೂರಕ್ಕೆ 17 ಮಂದಿಗೆ. ಎಲ್ಲರಿಗೂ ಫಲಿಸುವುದಿಲ್ಲವೆಂಬುದನ್ನೂ, ಫಲಿಸಿದವರಲ್ಲಿ ಕೆಲವರಿಗೆ ಕಾಲಾನಂತರ ಕುಂದುತ್ತದೆಂಬುದನ್ನೂ ಮರೆಮಾಚದೆ ಹೇಳಬೇಕು.

ಗುಣವಾಯಿತೆಂಬ ಧೈರ್ಯದಲ್ಲಿ ನಾನು ಮತ್ತೆ ವೈದ್ಯರ ಬಳಿ ಹೋದದ್ದು ಒಂಬತ್ತು ತಿಂಗಳ ನಂತರ, ನೋವು ಮರುಕಳಿಸಿದ ಮೇಲೆ. ಎರಡನೆಯ ಬಾರಿ ಔಷಧಿ ಇಳಿಯತೊಡಗಿ ಇಪ್ಪತ್ತು ನಿಮಿಷವಾಗುವಷ್ಟರಲ್ಲಿ ಚಳಿ, ಮೈಕೆರೆತ, ಎದೆಬಿಗಿತ. ದಾದಿ ಓಡಿಬಂದು ನಿಲ್ಲಿಸಿದರು. ಬಹಳ ದಿನಗಳ ಅಂತರವಾದಾಗ ದೇಹ ಈ ಹೊಸ ಪ್ರೋಟೀನನ್ನು ಅಪರಿಚಿತನೆಂದು ಬಗೆದು ಅದರ ವಿರುದ್ಧವೇ ಪ್ರತಿಕಾಯಗಳನ್ನು ಸೃಷ್ಟಿಸುತ್ತದೆ. ನಿಯತವಾಗಿ ತೆಗೆದುಕೊಂಡರೆ ಆ ಅಪಾಯ ಕಡಿಮೆ. ಬೇಸಿಗೆ ರಜೆಗೆ ಊರಿಗೆ ಹೋಗುವಾಗ "ಬಂದ ಮೇಲೆ ತೆಗೆದುಕೊಂಡರಾಯಿತು" ಎಂದು ಒಂದೆರಡು ಸರದಿ ಬಿಡುವ ನಮ್ಮವರು ಇದನ್ನು ಗಮನಿಸಬೇಕು. ಪ್ರಯಾಣದ ದಿನಾಂಕವನ್ನು ಸರದಿಗೆ ಹೊಂದಿಸಿಕೊಳ್ಳಿ. ಸರದಿಯನ್ನು ಪ್ರಯಾಣಕ್ಕಾಗಿ ಬಿಡಬೇಡಿ.

ನನ್ನ ಬದುಕಿನಲ್ಲಿ ಮರೆಯಲಾಗದ ಮಾತುಕತೆ ನಡೆದದ್ದು 2001ರಲ್ಲಿ. ಈ ಔಷಧಿ ಪಡೆದವರಲ್ಲಿ ಕ್ಷಯರೋಗ ತಲೆಯೆತ್ತಿದ 70 ಪ್ರಕರಣಗಳು ಆ ವರ್ಷ ಪ್ರಕಟವಾದವು. ಟಿ.ಎನ್.ಎಫ್. ಎಂಬುದು ದೇಹದೊಳಗೆ ಮಲಗಿರುವ ಕ್ಷಯದ ಕ್ರಿಮಿಗಳನ್ನು ಕೋಟೆ ಕಟ್ಟಿ ಬಂಧಿಸಿಡುವ ಶಕ್ತಿಯೂ ಹೌದು. ಅದನ್ನು ತಡೆದರೆ ಕೋಟೆ ಬಿರಿಯುತ್ತದೆ. ವೈದ್ಯರು ನನ್ನನ್ನು ಕರೆಸಿ, "ನಿಮ್ಮ ಮನೆಯಲ್ಲಿ ಯಾರಿಗಾದರೂ ಕ್ಷಯವಿತ್ತೇ?" ಎಂದು ಕೇಳಿದರು. ಇಲ್ಲವೆಂದೆ. ಮೊದಲೂ ಹಾಗೆಯೇ ಬರೆದುಕೊಟ್ಟಿದ್ದೆ. ಚರ್ಮದ ಪರೀಕ್ಷೆ ಮಾಡಿದಾಗ ತೋಳು ಕೆಂಪಗೆ ಉಬ್ಬಿತು. ಅಂದು ರಾತ್ರಿ ತುಮಕೂರಿನಲ್ಲಿದ್ದ ತಾಯಿಗೆ ದೂರವಾಣಿ ಮಾಡಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, "ನಿನ್ನ ತಾತ ಸತ್ತದ್ದು ಅದರಿಂದಲೇ. ನೀನು ಅವರ ಪಕ್ಕದಲ್ಲಿಯೇ ಮಲಗುತ್ತಿದ್ದೆ. ಆಗ ಹೇಳಿದ್ದರೆ ನಿನ್ನ ಅತ್ತೆಯಂದಿರಿಗೆ ಗಂಡು ಸಿಗುತ್ತಿರಲಿಲ್ಲ" ಎಂದರು. ಮನೆಯಲ್ಲಿ ಎಲ್ಲರೂ ಅದನ್ನು "ಕೆಮ್ಮು" ಎಂದಷ್ಟೇ ಕರೆಯುತ್ತಿದ್ದರು. ಮೂವತ್ತು ವರ್ಷಗಳ ಹಿಂದಿನ ಆ ಮೌನ ಸಮುದ್ರ ದಾಟಿ ಬಂದು ನನ್ನ ಶ್ವಾಸಕೋಶದಲ್ಲಿ ಕುಳಿತಿತ್ತು.

ಎದೆಯ ಚಿತ್ರದಲ್ಲಿ ರೋಗ ಕಾಣಲಿಲ್ಲ. ಒಂಬತ್ತು ತಿಂಗಳು ಐಸೋನಯಾಜಿಡ್ ಮಾತ್ರೆ ನುಂಗಿ, 2002ರ ಕೊನೆಯಲ್ಲಿ, ಮುಂಚಿತವಾಗಿ ಅಲರ್ಜಿಯ ಔಷಧಿ ಕೊಟ್ಟು, ಬಹು ನಿಧಾನವಾಗಿ ಮತ್ತೆ ಆರಂಭಿಸಿದರು. ಅಂದಿನಿಂದ ಸರದಿಗಳ ಲೆಕ್ಕ ನೂರನ್ನು ಎಂದೋ ದಾಟಿದೆ. ಬಾಲ್ಯದಲ್ಲಿ ಬಿ.ಸಿ.ಜಿ. ಚುಚ್ಚಿಸಿಕೊಂಡ ನಮ್ಮಂಥವರಿಗೆ ಚರ್ಮದ ಪರೀಕ್ಷೆ ತಪ್ಪು ಸೂಚನೆ ನೀಡುವುದುಂಟು. ಈಗಿರುವ ರಕ್ತಪರೀಕ್ಷೆಗೆ ಆ ದೋಷವಿಲ್ಲ. ಔಷಧಿಗೆ ಮುಂಚೆ ಕ್ಷಯ ಹಾಗೂ ಹೆಪಟೈಟಿಸ್ ಬಿ ಎರಡರ ಪರೀಕ್ಷೆಯೂ ಆಗಬೇಕು. ಕರುಳಿನ ಕ್ಷಯವೂ ಕ್ರೋನ್ಸ್ ಕಾಯಿಲೆಯೂ ನೋಟಕ್ಕೆ ಅವಳಿಗಳಂತಿವೆ. ಎರಡೂ ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವೆಡೆಯಲ್ಲಿಯೇ ಹೆಚ್ಚಾಗಿ ನೆಲೆಸುತ್ತವೆ. ಒಂದರ ಮದ್ದು ಇನ್ನೊಂದಕ್ಕೆ ವಿಷವಾದೀತು. ಆದ್ದರಿಂದ ಊರಿನ ವೈದ್ಯರು ಕ್ಷಯವನ್ನು ಶಂಕಿಸಿದರೆ ಅವರನ್ನು ಹಳಿಯಬಾರದು. ಅಲ್ಲಿಯ ವರದಿಗಳನ್ನು ಇಲ್ಲಿಯ ವೈದ್ಯರಿಗೆ ತಂದು ತೋರಿಸಬೇಕು.

ಆ ತಾಯಿ ಕೇಳಿದ ಪ್ರಶ್ನೆಗಳಿಗೆ ತಡವಾಗಿಯಾದರೂ ಉತ್ತರಿಸುತ್ತೇನೆ. ಕ್ಯಾನ್ಸರಿನ ಮಾತು: ಲಿಂಫೋಮಾ ಎಂಬ ಕ್ಯಾನ್ಸರಿನ ಅಪಾಯ ಅಲ್ಪಪ್ರಮಾಣದಲ್ಲಿ ಹೆಚ್ಚುವುದುಂಟು, ಸೋಂಕುಗಳ ಭಯವೂ ಉಂಟು. ಚಿಕಿತ್ಸೆಯಿಲ್ಲದೆ ಉರಿಯುವ ಕರುಳಿನ ಅಪಾಯವನ್ನೂ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿಟ್ಟು ತೂಗಬೇಕು. ಬಿಡುವ ಹಾಗಿಲ್ಲವೆಂಬ ಮಾತು: ಬಹುಮಂದಿಗೆ ದೀರ್ಘಕಾಲ ಬೇಕಾಗುತ್ತದೆ, ನಿಜ. ಆದರೆ ಈಗ ದಾರಿಗಳು ಹಲವು. 2014ರಲ್ಲಿ ಬಂದ ವೆಡೊಲಿಜುಮ್ಯಾಬ್ ಮುಖ್ಯವಾಗಿ ಕರುಳಿನಲ್ಲಿಯೇ ಕೆಲಸ ಮಾಡುತ್ತದೆ, ಅರ್ಧ ಗಂಟೆಯಲ್ಲಿ ಮುಗಿಯುತ್ತದೆ. 2016ರಲ್ಲಿ ಕ್ರೋನ್ಸ್ ಕಾಯಿಲೆಗೆ ಸಮ್ಮತಿ ಪಡೆದ ಉಸ್ಟೆಕಿನುಮ್ಯಾಬಿನ ಮೊದಲ ಸರದಿ ಮಾತ್ರ ರಕ್ತನಾಳಕ್ಕೆ; ಉಳಿದವು ಚರ್ಮದಡಿಯ ಚುಚ್ಚುಮದ್ದು. ಇನ್‌ಫ್ಲಿಕ್ಸಿಮ್ಯಾಬನ್ನೇ ಮನೆಯಲ್ಲಿ ಚುಚ್ಚಿಕೊಳ್ಳುವ ರೂಪಕ್ಕೆ 2023ರಲ್ಲಿ ಇಲ್ಲಿ ಸಮ್ಮತಿ ದೊರೆಯಿತು.

ಮದುವೆಯ ಮಾತು: ಈ ಔಷಧಿ ತೆಗೆದುಕೊಳ್ಳುತ್ತ ಮಕ್ಕಳನ್ನು ಹೆತ್ತವರು ಬಹಳ ಮಂದಿಯಿದ್ದಾರೆ. ಗರ್ಭಕ್ಕೆ ಹೆಚ್ಚು ಕೇಡು ಮಾಡುವುದು ಹತೋಟಿಯಲ್ಲಿಲ್ಲದ ರೋಗವೇ ಎಂದು ತಜ್ಞರು ಹೇಳುತ್ತಾರೆ. ಆದರೆ ನಮ್ಮವರಿಗೆ ವಿಶೇಷವಾದ ಒಂದು ಎಚ್ಚರಿಕೆ ಅಗತ್ಯ. ತಾಯಿಯ ಔಷಧಿ ಮಗುವಿನ ರಕ್ತದಲ್ಲಿಯೂ ತಿಂಗಳುಗಟ್ಟಲೆ ಉಳಿಯುತ್ತದೆ. ಬಾಣಂತನಕ್ಕೆ ಊರಿಗೆ ಹೋದಾಗ ಅಂಥ ಶಿಶುವಿಗೆ ವಾಡಿಕೆಯಂತೆ ಬಿ.ಸಿ.ಜಿ. ಹಾಕಿಸಬಾರದು. ಅದು ಜೀವಂತ ಕ್ರಿಮಿಯ ಲಸಿಕೆ. ಹಾಗೆ ಹಾಕಿಸಿ ಶಿಶು ಮರಣ ಹೊಂದಿದ ಪ್ರಕರಣ 2010ರಲ್ಲಿ ವರದಿಯಾಗಿದೆ. ಕನಿಷ್ಠ ಆರು ತಿಂಗಳು ಕಾಯಬೇಕೆಂದು ಅಮೆರಿಕದಲ್ಲಿಯೂ, ಹನ್ನೆರಡು ತಿಂಗಳೆಂದು ಯೂರೋಪಿನಲ್ಲಿಯೂ ಸೂಚನೆಯಿದೆ. ದೊಡ್ಡವರಿಗೂ ಜೀವಂತ ಲಸಿಕೆಗಳು ವರ್ಜ್ಯ. ಊರಿಗೆ ಹೊರಡುವಾಗ ಟೈಫಾಯ್ಡಿಗೆ ನುಂಗುವ ಲಸಿಕೆಯ ಬದಲು ಚುಚ್ಚುವ ಲಸಿಕೆಯನ್ನು ಕೇಳಿ ಪಡೆಯಿರಿ.

ಇನ್ನು ಹಣದ ವಿಚಾರ. 2008ರಲ್ಲಿ ನಾನು ಕೆಲಸ ಬದಲಿಸಿದಾಗ ಹೊಸ ವಿಮಾ ಸಂಸ್ಥೆಯವರು, ಅಗ್ಗದ ಸ್ಟೀರಾಯ್ಡ್ ಮೊದಲು ಪ್ರಯತ್ನಿಸಿ ಎಂದು ಅನುಮತಿ ನಿರಾಕರಿಸಿದರು. ಕತ್ತರಿಸಿಹೋದ ಕರುಳನ್ನು ಅವರಿಗೆ ಕಾಗದದಲ್ಲಿ ತೋರಿಸುವಷ್ಟರಲ್ಲಿ ಎಂಟು ವಾರ ಹನ್ನೊಂದಾಯಿತು. ಆದ್ದರಿಂದ ಕೆಲಸ ಬದಲಿಸುವವರು ತಿಂಗಳು ಮುಂಚೆಯೇ ವೈದ್ಯರ ಕಚೇರಿಗೆ ತಿಳಿಸಿ. ನಿರಾಕರಣೆ ಬಂದರೆ ಮೇಲ್ಮನವಿ ಸಲ್ಲಿಸಿ, ಸುಮ್ಮನಾಗಬೇಡಿ. ಕೆಲಸ ಹೋದವರು ಸಾಮಾನ್ಯವಾಗಿ ಹದಿನೆಂಟು ತಿಂಗಳವರೆಗೆ ಕೋಬ್ರಾ ಕಾನೂನಿನಡಿ ಹಳೆಯ ವಿಮೆಯನ್ನು ಸ್ವಂತ ಖರ್ಚಿನಲ್ಲಿ ಮುಂದುವರಿಸಬಹುದು. ಮಕ್ಕಳು ಇಪ್ಪತ್ತಾರು ತುಂಬುವವರೆಗೆ ತಂದೆತಾಯಿಗಳ ವಿಮೆಯಲ್ಲಿರಬಹುದು. ಮೂಲ ಔಷಧಿಯ ಬದಲು ಅದನ್ನೇ ಹೋಲುವ ಅಗ್ಗದ ಜೈವಿಕ ಔಷಧಿಗೆ ಇಲ್ಲಿ 2016ರಲ್ಲಿ ಸಮ್ಮತಿ ಸಿಕ್ಕಿತು. 2019ರಲ್ಲಿ ನನ್ನನ್ನು ಅದಕ್ಕೆ ಬದಲಿಸಿದಾಗ ಭಯವಾಗಿತ್ತು. ನಾರ್ವೆ ಸರ್ಕಾರದ ಹಣದಿಂದ 482 ರೋಗಿಗಳ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಅಧ್ಯಯನ, ಹಾಗೆ ಬದಲಿಸುವುದು ಮೂಲ ಔಷಧಿಯಲ್ಲೇ ಮುಂದುವರಿಯುವುದಕ್ಕಿಂತ ಕೀಳಲ್ಲವೆಂದು ತೋರಿಸಿತ್ತು. ನನ್ನ ಕರುಳಿಗೂ ವ್ಯತ್ಯಾಸ ತಿಳಿಯಲಿಲ್ಲ.

ಕಳೆದ ವರ್ಷ ನನ್ನ ಸರದಿಯ ದಿನ ಆ ಹುಡುಗಿಗೆ ದೂರವಾಣಿ ಮಾಡಿ, 2018ರಲ್ಲಿ ನಾನು ಬಚ್ಚಿಟ್ಟದ್ದನ್ನು ಹೇಳಿ ಕ್ಷಮೆ ಕೇಳಿದೆ. ಆಕೆಯೂ ಈಗ ಎಂಟು ವಾರಕ್ಕೊಮ್ಮೆ ಇಂಥದೇ ಕುರ್ಚಿಯಲ್ಲಿ ಕುಳಿತು ಕಚೇರಿಯ ಕೆಲಸ ಮಾಡುತ್ತಾಳೆ. ಚೀಲ ಬಿಚ್ಚಿ ವರ್ಷಗಳಾಗಿವೆ. "ಅಂಕಲ್, ಆಗ ನನಗೆ ಔಷಧಿಗಿಂತ ಹೆಚ್ಚಾಗಿ ಬೇಕಾಗಿದ್ದುದು ಇದೇ ಕಾಯಿಲೆಯಿರುವ, ವಯಸ್ಸಾದ ಒಬ್ಬ ಕನ್ನಡದವರು. ಬದುಕಬಹುದು ಅಂತ ಅಮ್ಮನಿಗೆ ತೋರಿಸಲಿಕ್ಕೆ" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

ಪ್ರತಿನಿಧಿ ಬಂಧುಗಳೇ, ಈ ಮೂರು ದಿನಗಳಲ್ಲಿ ಸಭಾಂಗಣದ ಸಾಲಿನ ಕೊನೆಯ ಕುರ್ಚಿಯಲ್ಲಿ ನಾನು ಎಂದಿನಂತೆ ಸಿಗುತ್ತೇನೆ. ನಿಮ್ಮ ಮನೆಯಲ್ಲಿ ಇಂಥ ಮಗುವಿದ್ದರೆ, ಅಥವಾ ನೀವೇ ಅಂಥವರಾಗಿದ್ದರೆ, ಬಂದು ಮಾತನಾಡಿಸಿ. ಪಿಸುಗುಟ್ಟಬೇಕಾಗಿಲ್ಲ. ಯಾರು ಪಕ್ಕದಲ್ಲಿದ್ದರೂ ಈ ಬಾರಿ ಸತ್ಯವನ್ನೇ ಹೇಳುತ್ತೇನೆ.